ಕಡಲ ಮಗಳು: ಹೀಬ್ರೂ ಚಿತ್ರಪುಸ್ತಕದಲ್ಲಿ ಮತ್ಸ್ಯಕನ್ಯೆಯ ಕಥೆ

ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಮತ್ಸ್ಯಕನ್ಯೆಯ ಕಥೆಯನ್ನು ಹೀಬ್ರೂ ಮಕ್ಕಳ ಚಿತ್ರಪುಸ್ತಕವೊಂದು ಮರುರೂಪಿಸಹೊರಟಾಗ ಮೊದಲ ಪಲ್ಲಟವು ಹೆಸರಿನಲ್ಲಿಯೇ ಸಂಭವಿಸುತ್ತದೆ. ಡೇನಿಶ್ ಭಾಷೆಯ ‘ಹಾವ್‌ಫ್ರೂ’ ಎಂದರೆ ಕಡಲ ಸ್ತ್ರೀ. ಹೀಬ್ರೂವಿನ ‘ಬತ್ ಯಾಮ್’ ಎಂದರೆ ಕಡಲ ಮಗಳು. ನಮ್ಮ ‘ಮತ್ಸ್ಯಕನ್ಯೆ’ಯಲ್ಲಿರುವ ಮೀನು ಈ ಹೆಸರಿನಲ್ಲಿಲ್ಲ, ಇರುವುದು ರಕ್ತಸಂಬಂಧ.

ಈ ಸಂಬಂಧಕಲ್ಪನೆ ಆಂಡರ್ಸನ್ನನಿಗಿಂತ ಬಹು ಹಿಂದಿನದು. ಬ್ಯಾಬಿಲೋನಿಯದ ತಾಲ್ಮುದ್‌ನ ‘ಬೆಖೋರೋತ್’ ಭಾಗದಲ್ಲಿ ಡಾಲ್ಫಿನ್‌ಗಳ ಪ್ರಸ್ತಾಪ ಬಂದಾಗ ರವ್ ಯೆಹೂದಾ ಅವುಗಳನ್ನು ‘ಕಡಲ ಮಕ್ಕಳು’ ಎಂದು ಅರ್ಥೈಸುತ್ತಾರೆ. 11ನೆಯ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ (ಇದು ಕಣದ ರಾಶಿಯಲ್ಲ, ಅವರ ಹೆಸರಿನ ಮೊದಲಕ್ಷರಗಳ ಸಂಕ್ಷೇಪ) ಇವು ಅರ್ಧ ಮನುಷ್ಯ, ಅರ್ಧ ಮೀನಿನ ಆಕಾರದವೆಂದು ವಿವರಿಸಿ, ಅಂದಿನ ಫ್ರೆಂಚ್ ಹೆಸರನ್ನೂ ಹೀಬ್ರೂ ಲಿಪಿಯಲ್ಲಿ ದಾಖಲಿಸಿದ್ದಾರೆ.

ಆಂಡರ್ಸನ್ನನ ನಾಯಕಿ ನಾಲಿಗೆಯನ್ನು ತೆರುವುದು ರಾಜಕುಮಾರನಿಗಾಗಿ ಮಾತ್ರವಲ್ಲ. 300 ವರ್ಷ ಬಾಳಿ ನೊರೆಯಾಗಿ ಹೋಗುವ ತನ್ನ ಕುಲಕ್ಕೆ ಇಲ್ಲದ ಅಮರ ಆತ್ಮಕ್ಕಾಗಿ. ಈ ಕ್ರೈಸ್ತ ಆಶಯ ಹೀಬ್ರೂ ಕಥನದಲ್ಲಿ ಸುಲಭವಾಗಿ ನೆಲೆಯೂರದು. ಆದುದರಿಂದ, ನೊರೆಯ ಅಂತ್ಯವನ್ನು ಕೈಬಿಟ್ಟು ಅವಳನ್ನು ಕಡಲಿಗೆ ಮರಳಿಸುವ ಮರುಕಥನವನ್ನು ಎಳೆಯರಿಗಾಗಿ ಮಾಡಿದ ಸರಳೀಕರಣವೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ಮಗಳಿಗೆ ತವರಿದೆ. ಇಂತಹ ಕೃತಿಯನ್ನು ಕನ್ನಡಕ್ಕೆ ತರುವವರು ರೂಢಿಯ ‘ಮತ್ಸ್ಯಕನ್ಯೆ’ಯನ್ನು ಬಿಟ್ಟು ‘ಕಡಲ ಮಗಳು’ ಎಂದೇ ಬಳಸುವುದು ಉಚಿತ.