ಮೊದಲ ಮೂರು ವರ್ಷದ ನಷ್ಟ ಯಾರ ಹೆಗಲಿಗೆ?

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಬಿಸಿಲೆಯ ಹತ್ತಿರ ಬೆಟ್ಟದ ಏಣೊಂದಿದೆ. ಅದರ ಪಡುವಣ ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆ ಸೇರಿ ಅರಬ್ಬಿ ಸಮುದ್ರದ ಹಾದಿ ಹಿಡಿಯುತ್ತದೆ. ಮೂಡಣ ಮಗ್ಗುಲಿಗೆ ಬಿದ್ದದ್ದು ಹೇಮಾವತಿಗೆ ಇಳಿದು, ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಹೊಳೆನರಸೀಪುರದ ಗದ್ದೆಗಳನ್ನು ನೆನೆಸಿ, ನಾಲೆಯಲ್ಲಿ ಚನ್ನರಾಯಪಟ್ಟಣದ ಕಡೆಗೂ ಹರಿಯುತ್ತದೆ. ಘಟ್ಟದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ, ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ ಏಳುನೂರರ ಆಸುಪಾಸಿಗೆ ಇಳಿದಿರುತ್ತದೆ. ಒಂದೇ ಜಿಲ್ಲೆಯೊಳಗೆ ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಮೂರೂ ಇವೆ.

ಈ ನೀರಿನ ದಾರಿ ನೆನಪಿದ್ದರೆ ಸಾವಯವ ಕೃಷಿ ಬರೀ ರೈತನ ಸ್ವಂತ ಹೊಲದ ವಿಚಾರವಾಗಿ ಉಳಿಯುವುದಿಲ್ಲ. ಯಸಳೂರು, ಹೆತ್ತೂರು ಕಡೆಯ ಕಾಫಿ ತೋಟಕ್ಕೆ ಹೊಡೆದ ಔಷಧಿಯೂ ಆಲೂರು, ಅರಕಲಗೂಡಿನ ಶುಂಠಿ ಹೊಲಕ್ಕೆ ಸುರಿದ ರಾಸಾಯನಿಕವೂ ಮಳೆ ಹುಯ್ದಾಗ ಹಳ್ಳದ ಪಾಲಾಗುತ್ತವೆ. ಹೇಮಾವತಿ ಕಾವೇರಿಯಲ್ಲಿ ಬೆರೆತ ಮೇಲೆ ಅದೇ ನೀರು ಬೆಂಗಳೂರಿನ ನಲ್ಲಿಗೂ ಬರುತ್ತದೆ. ಮೇಲಿನವರು ಮಣ್ಣು ಕಾಪಾಡಿದರೆ ಲಾಭ ಕೆಳಗಿನವರಿಗೆಲ್ಲ. ಕಾಪಾಡುವ ಖರ್ಚು ಮಾತ್ರ ಇವತ್ತಿಗೂ ಎರಡು ಎಕರೆ ಹಿಡುವಳಿಯವನ ಹೆಗಲ ಮೇಲೇ ಇದೆ.

ಕರ್ನಾಟಕ ಈ ವಿಷಯದಲ್ಲಿ ನಿದ್ದೆ ಮಾಡಿದ ರಾಜ್ಯವೇನೂ ಅಲ್ಲ. 2004ರಲ್ಲೇ ಸಾವಯವ ಕೃಷಿ ನೀತಿ ಬಂತು. 2013-14ರಲ್ಲಿ ಹೋಬಳಿಗೆ ನೂರು ಹೆಕ್ಟೇರಿನಂತೆ ಸಾವಯವ ಭಾಗ್ಯ ಯೋಜನೆ ಶುರುವಾಯಿತು, 2017ರಲ್ಲಿ ನೀತಿಯನ್ನು ಹೊಸದಾಗಿ ಬರೆದರು. ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ 2015ರದ್ದು. ಅದರಲ್ಲಿ ಅಕ್ಕಪಕ್ಕದ ರೈತರು ಗುಂಪು ಕಟ್ಟಬೇಕು, ಮೂರು ವರ್ಷ ನೆರವು ಸಿಗುತ್ತದೆ. ಈಚಿನ ವರ್ಷಗಳ ದರದಂತೆ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂಪಾಯಿ. ಅದರಲ್ಲಿ ರೈತರ ಖಾತೆಗೆ ನೇರವಾಗಿ ಬೀಳುವುದು 15,000. ಎಕರೆ ಲೆಕ್ಕಕ್ಕೆ ಇಳಿಸಿ ನೋಡಿ: ವರ್ಷಕ್ಕೆ ಎರಡು ಸಾವಿರ ರೂಪಾಯಿಯಷ್ಟು. ಕಳೆ ಕೀಳಲು ಬಂದ ನಾಲ್ಕೈದು ಆಳುಗಳ ಒಂದು ದಿನದ ಕೂಲಿಗೆ ಅದು ಮುಗಿದುಹೋಗುತ್ತದೆ.

ಮೊದಲ ಎರಡು ಮೂರು ವರ್ಷ ಇಳುವರಿ ಬೀಳುವುದು ಸಾಮಾನ್ಯ. ವರ್ಷವರ್ಷವೂ ಸೀಮೆಗೊಬ್ಬರ ಕಂಡ ಮಣ್ಣಿನಲ್ಲಿ ಎರೆಹುಳು, ಸೂಕ್ಷ್ಮಜೀವಿಗಳು ಮರಳಿ ಬಲಿಯಲು ಕಾಲ ಹಿಡಿಯುತ್ತದೆ. ಪ್ರಮಾಣಪತ್ರದ ನಿಯಮವೂ ರಾಗಿ, ಭತ್ತದಂಥ ಬೆಳೆಗೆ ಎರಡು ವರ್ಷ, ತೆಂಗು, ಕಾಫಿಯಂಥವಕ್ಕೆ ಮೂರು ವರ್ಷ ಕಾಯಿಸುತ್ತದೆ. ಆ ಅವಧಿಯಲ್ಲಿ ರೈತ ಸಾವಯವದ ಕಷ್ಟಪಡುತ್ತಾನೆ, ಆದರೆ ಮಾರುವಾಗ ಮಾಮೂಲಿ ಬೆಲೆಯೇ. ಹಳ್ಳಿಗಳಲ್ಲಿ ಹುರುಪಿನಿಂದ ಶುರುವಾದ ಎಷ್ಟೋ ಗುಂಪುಗಳು ಕರಗಿಹೋಗುವುದು ಇದೇ ಹೊತ್ತಿನಲ್ಲಿ. ರೈತನಿಗೆ ನಂಬಿಕೆ ಸಾಲದು ಎಂದು ದೂರುವವರು ಈ ಲೆಕ್ಕವನ್ನು ಒಮ್ಮೆ ಕೂತು ಹಾಕಬೇಕು.

ಹಾಸನದ ಆಲೂಗೆಡ್ಡೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಸಾವಯವದ ಬಗ್ಗೆ ಸಲೀಸಾಗಿ ಮಾತಾಡುವವರನ್ನು ನಿಲ್ಲಿಸಿ ಕೇಳುವ ಬೆಳೆ ಅದು. ಮುಂಗಾರಿನ ಆಲೂಗೆಡ್ಡೆಗೆ ಹೆಸರಾದ ಜಿಲ್ಲೆ ಇದು. ಬೇಸಿಗೆ ಕೊನೆಯಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಟ್ಟಲೆ ಬಿತ್ತನೆ ಗೆಡ್ಡೆ ಹಾಸನದ ಎಪಿಎಂಸಿಗೆ ಬಂದು ಇಳಿಯುತ್ತದೆ. ಅದರಲ್ಲಿ ಹೆಚ್ಚಿನದು ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದಾಗ ಅಂಗಮಾರಿಯನ್ನು ತಡೆಯುತ್ತದೆಂದು ಹೆಸರು ಮಾಡಿದ್ದ ತಳಿ. ಆ ಶಕ್ತಿ ಅದಕ್ಕೆ ಈಗಿಲ್ಲ. ಜುಲೈನ ಮೋಡ, ಜಡಿಮಳೆ, ತಂಪು ಹಿಡಿಯಿತೆಂದರೆ ಕೆಲವೇ ದಿನಗಳಲ್ಲಿ ಹೊಲಕ್ಕೆ ಹೊಲವೇ ಕಪ್ಪಾಗಿ ಸೀದುಹೋಗುತ್ತದೆ. 1845ರಲ್ಲಿ ಐರ್ಲೆಂಡಿನಲ್ಲಿ ಮಹಾಕ್ಷಾಮ ತಂದದ್ದು ಇದೇ ರೋಗ. ಔಷಧಿಯ ಮೇಲೆ ಔಷಧಿ ಹೊಡೆದೂ ಕೈಸುಟ್ಟುಕೊಂಡ ರೈತರು ಆಲೂಗೆಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರು. ಶುಂಠಿ ಬಂದದ್ದು ಇನ್ನೂ ಹೆಚ್ಚಿನ ಔಷಧಿಯೊಂದಿಗೆ. ಕೊಳೆರೋಗ ಕಂಡ ನೆಲಕ್ಕೆ ಮತ್ತೆ ಶುಂಠಿ ಹಾಕಲಾಗದು. ಗುತ್ತಿಗೆಗೆ ಬೆಳೆಯುವವರು ಹೊಸ ಭೂಮಿ ಹುಡುಕಿ ಹೋಗುತ್ತಾರೆ, ಸೊರಗಿದ ಮಣ್ಣು ಮಾಲೀಕನಿಗೆ ಉಳಿಯುತ್ತದೆ.

ಇಂಥ ಕಡೆ ಹೋಗಿ ಜೀವಾಮೃತ ಒಂದರಿಂದಲೇ ಅಂಗಮಾರಿ ನಿಲ್ಲುತ್ತದೆ ಎನ್ನುವುದು ರೈತನಿಗೆ ಮಾಡುವ ದ್ರೋಹ ಎಂದೇ ನನ್ನ ಎಣಿಕೆ. ಹತ್ತು ಕಿಲೊ ಸಗಣಿ, ಗಂಜಲ, ಎರಡು ಕಿಲೊ ಬೆಲ್ಲ, ಎರಡು ಕಿಲೊ ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣನ್ನು ಇನ್ನೂರು ಲೀಟರ್ ನೀರಿಗೆ ಕಲಸಿ ಎರಡು ದಿನ ಬಿಟ್ಟರೆ ಎಕರೆಗಾಗುವಷ್ಟು ಜೀವಾಮೃತ ಸಿದ್ಧ. ಮಣ್ಣಿನ ಜೀವಕ್ಕೆ ಅದು ಒಳ್ಳೆಯದೇ. ಆದರೆ ಆಲೂಗೆಡ್ಡೆಯ ದುರಸ್ತಿ ಬಿತ್ತನೆಯಿಂದಲೇ ಶುರುವಾಗಬೇಕು, ಏಕೆಂದರೆ ದೂರದಿಂದ ಬಂದ ಗೆಡ್ಡೆ ಎಷ್ಟೋ ಸಲ ರೋಗವನ್ನು ಒಳಗಿಟ್ಟುಕೊಂಡೇ ಬರುತ್ತದೆ. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರವೂ ಸೇರಿ ಹಾಸನ ಭಾಗದಲ್ಲಿ ಹಬ್ಬಿಸುತ್ತಿರುವ ಕುಡಿಸಸಿಯ ವಿಧಾನ ಇದಕ್ಕೇ ಬೇಕಾದದ್ದು. ಅಂಗಾಂಶ ಕೃಷಿಯಲ್ಲಿ ಬೆಳೆದ ಶುದ್ಧ ಗಿಡದ ಕುಡಿಗೆ ನರ್ಸರಿಯಲ್ಲಿ ಬೇರು ಬರಿಸಿ, ರೈತರು ತಮ್ಮ ಹೊಲದಲ್ಲೇ ಬಿತ್ತನೆ ಗೆಡ್ಡೆ ಮಾಡಿಕೊಳ್ಳುವುದು. ಅದರ ಜೊತೆಗೆ ಮಲೆನಾಡಿನ ಅಡಿಕೆಯವರಿಗೆ ಚೆನ್ನಾಗಿ ಗೊತ್ತಿರುವ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗಕ್ಕೆ ಬಳಕೆಗೆ ತಂದ ಮದ್ದಿದು, ಆ ರೋಗವೂ ಅಂಗಮಾರಿಯ ದಾಯಾದಿಯೇ. ತಾಮ್ರದ ಪ್ರಮಾಣಕ್ಕೆ ಮಿತಿಯಿಟ್ಟು ಸಾವಯವ ನಿಯಮಗಳೂ ಇದನ್ನು ಒಪ್ಪುತ್ತವೆ. ರೋಗ ಬರುವ ಮುಂಚೆ ಹೊಡೆಯಬೇಕು. ಬಂದ ಮೇಲೆ ಫಲವಿಲ್ಲ.

ಅರಕಲಗೂಡಿನ ಕಥೆಯಲ್ಲಿ ಹೊಗೆಸೊಪ್ಪಿದೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ, ಅದರ ಸುತ್ತ ಊರೂರಿಗೂ ಎಲೆ ಒಣಗಿಸುವ ಬ್ಯಾರನ್‌ಗಳು. ಒಂದು ಕಿಲೊ ಎಲೆ ಹದಗೊಳಿಸಲು ಹಲವು ಕಿಲೊ ಸೌದೆ ಉರಿಯಬೇಕು. ಆ ಸೌದೆ ಬರುವುದು ಬದುವಿನ ಮರಗಳಿಂದ, ಗುಡ್ಡಗಳಿಂದ. ಹಾಗೆಂದು ತಂಬಾಕು ಬಿಡಿ ಎಂದು ಉಪದೇಶಿಸಿದರೆ ಆಗುವುದಿಲ್ಲ. ಹರಾಜು ಕಟ್ಟೆಯಲ್ಲಿ ತೂಕ ಮಾಡಿಸಿ, ಖಾತೆಗೆ ದುಡ್ಡು ಬರುವ ಖಾತರಿ ಬೇರೆ ಯಾವ ಬೆಳೆಗೂ ಅಲ್ಲಿಲ್ಲ. ಅದೇ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿ ಇದೆ. ದೇವರ ಮೀನೆಂದು ಜನ ತಲೆಮಾರುಗಳಿಂದ ಪುರಿ ಹಾಕಿ ಸಾಕುವ ಮಹಶೀರ್‌ಗಳು ಅಲ್ಲಿವೆ. ಯಾರೂ ಬಲೆ ಬೀಸುವುದಿಲ್ಲ. ನದಿಯ ಆ ಒಂದು ಮಡುವಿಗೆ ಊರು ಕೊಟ್ಟ ರಕ್ಷಣೆ ಮೇಲ್ದಂಡೆಯ ಹೊಲಗಳಿಗೂ ಹಬ್ಬದಿದ್ದರೆ ಮೀನು ಉಳಿಯುವುದು ಕಷ್ಟ. ಭಕ್ತಿಯಿಂದ ಉಳಿದ ಜೀವವೈವಿಧ್ಯವಿದು, ಇದಕ್ಕೆ ಕೃಷಿ ಇಲಾಖೆಯ ಯೋಜನೆಯಲ್ಲಿ ಜಾಗವಿಲ್ಲದಿರುವುದು ನನಗೆ ಬೇಸರದ ಸಂಗತಿ.

ಘಟ್ಟದ ಕಾಫಿ ತೋಟಗಳಲ್ಲಿ ಜೀವವೈವಿಧ್ಯಕ್ಕೂ ಜೇಬಿಗೂ ಇರುವ ನಂಟು ಇನ್ನೂ ನೇರ. ರೊಬಸ್ಟಾ ಹೂವಿಗೆ ಬೇರೆ ಗಿಡದ ಪರಾಗವೇ ಬೇಕು. ಗಾಳಿಯೂ ಹೆಜ್ಜೇನೂ ಅದನ್ನು ತರುತ್ತವೆ. ಅರೇಬಿಕಾದ ಕಾಂಡಕೊರಕ ಬಿಸಿಲಿಗೆ ಬಿದ್ದ ಗಿಡಗಳನ್ನೇ ಹುಡುಕುತ್ತದೆ. ಕಾಡುಮರ ಕಡಿದು ಸಿಲ್ವರ್ ಓಕ್ ಸಾಲು ನೆಟ್ಟ ತೋಟ ಹಕ್ಕಿಗಳ ಜೊತೆಗೆ ನೆರಳಿನ ಈ ಕಾವಲನ್ನೂ ಕಳೆದುಕೊಳ್ಳುತ್ತದೆ.

ಹೊಳೆನರಸೀಪುರದಲ್ಲಿ ಮಾತ್ರ ದಾರಿ ಕಾಣುತ್ತದೆ. ಇದು ರಾಜಮುಡಿಯ ಸೀಮೆ. ಮೈಸೂರು ಅರಸರಿಗೆ ಕಂದಾಯದ ಬದಲು ಈ ಭತ್ತ ಸಲ್ಲುತ್ತಿತ್ತು ಎಂಬ ಮಾತು ಜನರ ಬಾಯಲ್ಲಿದೆ. ಕೆಂಪು ಬಿಳಿ ಬೆರೆತ ಅಕ್ಕಿ, ಎತ್ತರದ ಪೈರು, ಹೆಚ್ಚು ದಿನದ ಬೆಳೆ. ಸೀಮೆಗೊಬ್ಬರ ಸುರಿದರೆ ಉದ್ದಕ್ಕೆ ಬೆಳೆದು ಮಲಗಿಬಿಡುತ್ತದೆ. ಹಾಗಾಗಿ ಹೊಂಗೆಸೊಪ್ಪು, ಡಯಂಚ, ಕೊಟ್ಟಿಗೆ ಗೊಬ್ಬರದ ಗದ್ದೆಯೇ ಅದಕ್ಕೆ ಹಿತ. ಹುಲ್ಲು ದಂಡಿಯಾಗಿ ಸಿಗುವುದರಿಂದ ದನಕ್ಕೂ ಆಯಿತು. ಅಧಿಕ ಇಳುವರಿ ತಳಿಗಳ ಭರಾಟೆಯಲ್ಲಿ ಮೂಲೆ ಸೇರಿದ್ದ ರಾಜಮುಡಿ, ರತ್ನಚೂಡಿಗಳನ್ನು ಸಹಜ ಸಮೃದ್ಧದಂಥ ಬೀಜ ಸಂರಕ್ಷಕರ ಬಳಗಗಳು, ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ನೂರಾರು ಭತ್ತದ ತಳಿ ಕಾಯ್ದಿರುವ ಸೈಯದ್ ಘನಿ ಖಾನ್‌ರಂಥ ರೈತರು ಮತ್ತೆ ಮುಂದಕ್ಕೆ ತಂದರು. ಇಲ್ಲಿ ರೈತ ಬದಲಾಗಲು ಯಾರೂ ಒತ್ತಾಯಿಸಬೇಕಿಲ್ಲ, ಏಕೆಂದರೆ ಬೆಂಗಳೂರು, ಮೈಸೂರಿನ ಅಡುಗೆಮನೆಗಳು ಈ ಅಕ್ಕಿಯನ್ನು ಹೆಸರು ಹಿಡಿದು ಕೇಳುತ್ತವೆ. ಹೆಚ್ಚಿನ ಬೆಲೆ ಗಿರಣಿಯಲ್ಲೇ ನಿಲ್ಲದೆ ಗದ್ದೆಯವನಿಗೆ ತಲುಪಬೇಕು, ಅಷ್ಟೇ.

ಚನ್ನರಾಯಪಟ್ಟಣದ ಒಣಸೀಮೆಗೆ ಹೊರಗಿನ ಪಾಠ ಬೇಡ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳದ ಅಕ್ಕಡಿ ಸಾಲು ಹಾಕುವುದು ಅಲ್ಲಿನ ಹಿರಿಯರ ಬೇಸಾಯ. ಮಳೆ ಕೈಕೊಟ್ಟ ವರ್ಷವೂ ಯಾವುದೋ ಒಂದು ಸಾಲು ಮನೆಗೆ ಕಾಳು ತರುತ್ತದೆ, ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ, ಅವರೆ ತೊಗರಿಯ ಬೇರು ಸಾರಜನಕ ಕೂಡಿಸುತ್ತದೆ. ತೆಂಗಿನ ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಎಂಬ ಪರೋಪಜೀವಿ ಕೀಟವನ್ನು ಬಿಟ್ಟು ಹತೋಟಿ ಮಾಡುವುದೂ ಈ ಭಾಗಕ್ಕೆ ಗೊತ್ತು. ಬೂಕನಬೆಟ್ಟದ ಜಾತ್ರೆಗೆ ಹಳ್ಳಿಕಾರ್ ಜೋಡಿಗಳನ್ನು ಹೊಡೆದುಕೊಂಡು ಬರುವ ತಾಲ್ಲೂಕಿದು. ಹಾಗೆಂದು ಗೊಬ್ಬರಕ್ಕೆ ನಾಟಿ ಹಸುವೇ ಬೇಕೆಂಬ ಹಟ ಬೇಡ. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಮಿಶ್ರತಳಿ ಹಸುಗಳಿವೆ, ಅವುಗಳ ಸಗಣಿಯಿಂದಲೂ ಒಳ್ಳೆಯ ಗೊಬ್ಬರವಾಗುತ್ತದೆ.

ಅವಸರದ ಫಲವೇನೆಂದು ಶ್ರೀಲಂಕಾ ತೋರಿಸಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿ, ಭತ್ತ, ಚಹಾ ಕುಸಿದ ಮೇಲೆ ಅದೇ ವರ್ಷದ ನವೆಂಬರಿನಲ್ಲಿ ಹಿಂದೆ ಸರಿಯಿತು. ಸಿಕ್ಕಿಂ 2003ರಲ್ಲಿ ಹೆಜ್ಜೆ ಇಟ್ಟು 2016ರಲ್ಲಿ ಸಾವಯವ ರಾಜ್ಯವೆನಿಸಿತು. ನೆರೆಯ ಆಂಧ್ರ 2016ರಿಂದ ಮಹಿಳಾ ಸ್ವಸಹಾಯ ಸಂಘಗಳ ಮೂಲಕ, ಪಳಗಿದ ರೈತರನ್ನೇ ಊರೂರಿಗೆ ಮೇಷ್ಟರಾಗಿ ಕಳಿಸುತ್ತಿದೆ. ಹಾಸನಕ್ಕೆ ಆಂಧ್ರದ ಈ ದಾರಿಯೇ ಸರಿ.

ಆದ್ದರಿಂದ ಸರ್ಕಾರಕ್ಕೆ ಹೇಳಬೇಕಾದದ್ದು ಇಷ್ಟು: ಎಲ್ಲ ಹೋಬಳಿಗೂ ಒಂದೇ ಅಚ್ಚಿನ ಯೋಜನೆ ಕೈಬಿಡಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳು ಮಾಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಮುಂದಿಟ್ಟುಕೊಂಡು ಊರಿಗೆ ತಕ್ಕ ಬೆಳೆ ಯೋಜನೆ ಮಾಡಿ. ಮೊದಲ ಮೂರು ವರ್ಷದ ಇಳುವರಿ ನಷ್ಟವನ್ನು ತುಂಬಿಕೊಡಿ; ಹೇಮಾವತಿ, ಕಾವೇರಿಯ ನೀರು ಕುಡಿಯುವ ನಗರಗಳ ನೀರಿನ ಕರದಿಂದ ಒಂದು ಪಾಲು ಅದಕ್ಕೆ ಹೋಗಲಿ. ನಗರದಲ್ಲಿರುವ ಹಾಸನದ ಮಕ್ಕಳಿಗೂ ಒಂದು ಕೋರಿಕೆ. ಸುಗ್ಗಿ ಮುಗಿದ ಮೇಲೆ ಊರಿನ ರೈತರ ಗುಂಪಿನಿಂದ ವರ್ಷಕ್ಕಾಗುವ ರಾಜಮುಡಿ, ರಾಗಿಯನ್ನು ನೇರವಾಗಿ ಕೊಳ್ಳಿ, ಪ್ರಮಾಣಪತ್ರ ಸಿಗದ ಆ ಮೊದಲ ವರ್ಷಗಳಲ್ಲೂ ಪೂರ್ತಿ ಬೆಲೆ ಕೊಡಿ.