ಸ್ವತಂತ್ರ ಬೇಸಾಯ ಸಲಹೆಗಾರನಿಗೆ ಇರತಕ್ಕ ಅರ್ಹತೆಗಳು

ಬೇಸಾಯಶಾಸ್ತ್ರವನ್ನು ಓದಿದ ಯುವಕ ಯುವತಿಯರಲ್ಲಿ ಕೆಲವರು ನೌಕರಿಯನ್ನು ಅಪೇಕ್ಷಿಸದೆ, ರೈತರಿಗೆ ಸಲಹೆ ಕೊಡುವುದನ್ನೇ ಸ್ವತಂತ್ರ ವೃತ್ತಿಯನ್ನಾಗಿ ಮಾಡಿಕೊಳ್ಳಲು ಬಯಸುವುದುಂಟು. ಇಂತಹವರಿಗಾಗಿ ಭಾರತ ಸರ್ಕಾರವು 2002ರಲ್ಲಿ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯಾಪಾರ ಕೇಂದ್ರಗಳ ಯೋಜನೆಯನ್ನು ಆರಂಭಿಸಿತು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು ಇದರ ತರಬೇತಿಯ ಹೊಣೆಯನ್ನು ಹೊತ್ತಿದೆ. ಆದರೆ ಪ್ರಮಾಣಪತ್ರ ಮಾತ್ರದಿಂದ ರೈತನ ನಂಬಿಕೆ ದೊರೆಯಲಾರದು. ಅದಕ್ಕೆ ಬೇಕಾದ ಗುಣಗಳನ್ನು ಇಲ್ಲಿ ವಿವರಿಸಿದೆ.

1. ಸ್ಥಳಜ್ಞಾನ: ದಾವಣಗೆರೆ ಜಿಲ್ಲೆಯೊಳಗೇ ಸೀಮೆಯಿಂದ ಸೀಮೆಗೆ ಬೇಸಾಯವು ಭಿನ್ನವಾಗಿದೆ. ಚನ್ನಗಿರಿಯಲ್ಲಿ ಅಡಿಕೆಯ ಬಾಗಾಯ್ತು. ಹೊನ್ನಾಳಿಯಲ್ಲಿ ನಾಲೆಯ ನೀರಿನ ಬತ್ತ. ನ್ಯಾಮತಿಯ ಖುಷ್ಕಿಯಲ್ಲಿ ಮೆಕ್ಕೆಜೋಳ. ಜಗಳೂರಾದರೋ ಮಳೆ ಕಡಿಮೆಯಾದ ಸೀಮೆ. ಒಂದೆಡೆ ಫಲಿಸಿದ ಸಲಹೆಯು ಇನ್ನೊಂದೆಡೆ ಹಾನಿಯನ್ನು ತರಬಹುದು. ಜಗಳೂರಿನಲ್ಲಿ ಕೊಳವೆಬಾವಿಯೊಂದನ್ನೇ ನಂಬಿ ಅಡಿಕೆ ಹಾಕಲು ಹೊರಟವನಿಗೆ, ಬೇಸಗೆಯ ನೀರಿನ ಲೆಕ್ಕವನ್ನು ಮೊದಲು ನೋಡೆಂದು ಹೇಳುವ ಧೈರ್ಯವಿರಬೇಕು. ಅದರಿಂದ ಒಂದು ಸಂಭಾವನೆ ತಪ್ಪಿದರೂ ಒಂದು ಸಂಸಾರವು ಸಾಲದಿಂದ ಉಳಿಯುವುದು.

2. ಹೊಲದಲ್ಲಿ ನಿಂತು ನೋಡುವ ಅಭ್ಯಾಸ: 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳುವು ಭಾರತದಲ್ಲಿಯೇ ಮೊದಲ ಬಾರಿಗೆ ಪತ್ತೆಯಾಯಿತು. ಈ ಹುಳು ಸುಳಿಯೊಳಗೆ ಅಡಗಿ ತಿನ್ನುತ್ತದೆ. ಸುಳಿಯನ್ನು ಬಿಡಿಸಿ ನೋಡದೆ ಎಲೆಯ ಮೇಲೆ ಔಷಧಿ ಹೊಡೆಯಹೇಳುವವನು ರೈತನ ಹಣವನ್ನು ಪೋಲುಮಾಡಿದಂತೆಯೇ ಸರಿ. ತನಗೆ ತಿಳಿಯದ ರೋಗ ಕಂಡರೆ ಊಹಿಸದೆ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಶಿವಮೊಗ್ಗದ ಕೃಷಿ ವಿಶ್ವವಿದ್ಯಾನಿಲಯಕ್ಕೋ ಮಾದರಿಯನ್ನು ಒಯ್ಯತಕ್ಕದ್ದು.

3. ಕೈಯಾರೆ ಮಾಡಿ ತೋರಿಸುವ ಶಕ್ತಿ: ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮೈಸೂರು ಸರ್ಕಾರದ ಸೇವೆಯಲ್ಲಿದ್ದಾಗ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, 1910ರಲ್ಲಿ ಅದರ ವಿಚಾರವನ್ನು ಪ್ರಕಟಿಸಿದರು. ಅದಕ್ಕೆ ಬೋರ್ಡೋ ದ್ರಾವಣವು ಇಂದಿಗೂ ಉಪಾಯವಾಗಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರು ನೀರು ಇದರ ಪ್ರಮಾಣ. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ಈ ಪರೀಕ್ಷೆಯನ್ನು ತೋಟದ ಆಳಿಗೂ ಕಲಿಸಿದವನೇ ನಿಜವಾದ ಸಲಹೆಗಾರನು.

4. ನಿಷ್ಪಕ್ಷಪಾತ: ಔಷಧಿಯ ಮಾರಾಟದಿಂದ ಲಾಭ ಪಡೆಯುವವನಿಗೆ "ಈಗ ಔಷಧಿ ಬೇಡ" ಎನ್ನುವುದು ಕಷ್ಟ. ಆದಕಾರಣ ಅಂಗಡಿಗಳಿಂದ ಗುಪ್ತವಾಗಿ ದಳ್ಳಾಳಿ ಪಡೆಯಲಾಗದು. ತಾನೇ ಮಾರುವುದಾದರೆ 1968ರ ಕೀಟನಾಶಕ ಕಾಯಿದೆಯಂತೆ ಪರವಾನಗಿ ಪಡೆದು, ಸಲಹೆಯ ಲೆಕ್ಕವನ್ನೂ ಮಾರಾಟದ ಲೆಕ್ಕವನ್ನೂ ಬೇರೆ ಬೇರೆಯಾಗಿ ಇಡುವುದು ಲೇಸು.

5. ಕರಾರು ಮತ್ತು ಲೆಕ್ಕ: ರೈತ ಸಂಪರ್ಕ ಕೇಂದ್ರದಲ್ಲಿ ಸಲಹೆಯು ಧರ್ಮಾರ್ಥವಾಗಿ ದೊರೆಯುತ್ತಿರುವಾಗ ರೈತನು ಹಣವನ್ನೇಕೆ ಕೊಡಬೇಕು? ಬಿತ್ತನೆಯಿಂದ ಕೊಯ್ಲಿನವರೆಗೆ ಅದೇ ಹೊಲಕ್ಕೆ ಮರಳಿ ಮರಳಿ ಬರುವ ಸಲಹೆಗಾರನಿಗಾಗಿ ಕೊಡಬೇಕು. ಎಷ್ಟು ಸಲ ಬರುವುದು, ಸಂಭಾವನೆ ಎಷ್ಟು, ಎಂದು ಕೊಡುವುದು ಎಂಬುದನ್ನು ಮೊದಲೇ ಬರೆದಿಡಬೇಕು. ಪ್ರತಿ ಸಲಹೆಯನ್ನೂ ತಾರೀಖಿನೊಡನೆ ಬರೆದು ರೈತನ ಕೈಯಲ್ಲಿ ಕೊಡಬೇಕು. ಸುಗ್ಗಿಯವರೆಗೆ ಆದಾಯ ಬಾರದಿರಬಹುದಾದ್ದರಿಂದ ಒಂದು ವರ್ಷದ ಸಂಸಾರದ ಖರ್ಚಿಗೆ ಏರ್ಪಾಡು ಮಾಡಿಕೊಂಡೇ ವೃತ್ತಿಗಿಳಿಯುವುದು ಉತ್ತಮ.

ಸಲಹೆ ತಪ್ಪಿದರೆ ಸಲಹೆಗಾರನಿಗೆ ಒಬ್ಬ ಗಿರಾಕಿ ಹೋದಾನು; ರೈತನಿಗೆ ಒಂದು ವರ್ಷದ ಬೆಳೆಯೇ ಹೋಗುವುದು. ಇದನ್ನು ಮನಸ್ಸಿನಲ್ಲಿಟ್ಟು ನಡೆಯುವವರಿಗೆ ಈ ವೃತ್ತಿಯಲ್ಲಿ ಜೀವನವೂ ಗೌರವವೂ ದೊರೆಯುವುದರಲ್ಲಿ ಸಂದೇಹವಿಲ್ಲ.