ಮರ ಜಪ್ತಿ ಆಯ್ತು, ಲೆಕ್ಕ ತಪ್ಪಿದೆ: ಅಧಿಕಾರಿ ಮೇಲೆ ದೂರು ಕೊಡೋದು ಹೇಗೆ?

ಇವತ್ತು ಶಿಕಾರಿಪುರ, ಸೊರಬದ ಕಡೆ ಹೋಗೋಣ. ಕಾಡು, ಕಾನು, ಸಾಗುವಳಿ ಜಮೀನು ಒಂದಕ್ಕೊಂದು ತಾಗಿಕೊಂಡಿರೋ ಸೀಮೆ ಇದು. ಮರ ಯಾರದ್ದು ಅನ್ನೋ ಪ್ರಶ್ನೆ ಇಲ್ಲಿ ಹಳೇದು. ಸೊರಬದ ಕಾನುಗಳ ಬಗ್ಗೆ ಬ್ರಿಟಿಷ್ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದರು.

ಒಂದು ಉದಾಹರಣೆ ಇಟ್ಕೊಳ್ಳಿ. ನಿಮ್ಮ ಜಮೀನಿನ ಸಾಗುವಾನಿಯನ್ನ ಅರಣ್ಯದ್ದು ಅಂತ ಇಲಾಖೆ ಜಪ್ತಿ ಮಾಡಿತು. ಮಹಜರಿನಲ್ಲಿ 20 ದಿಮ್ಮಿ. ಡಿಪೋದಲ್ಲಿ 14. ಉಳಿದ 6 ಎಲ್ಲಿ?

ಇಲ್ಲಿ ಎರಡು ದಾರಿ ಇದೆ. ಬೆರೆಸಬೇಡಿ.

ಮೊದಲನೇದು, ಮರದ ದಾರಿ. ಕರ್ನಾಟಕ ಅರಣ್ಯ ಕಾಯ್ದೆ, 1963ರ 71ಎ ಪ್ರಕಾರ ಮುಟ್ಟುಗೋಲಿನ ವಿಚಾರಣೆ ಮಾಡೋದು ಇಲಾಖೆಯ ಅಧಿಕೃತ ಅಧಿಕಾರಿಯೇ. ಆದೇಶ ಒಪ್ಪಿಗೆ ಆಗದಿದ್ರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ. ಕಾನೂನು ಮೊದಲು ಮರ ಸರ್ಕಾರದ್ದು ಅಂತಲೇ ಊಹಿಸುತ್ತೆ. ಅಲ್ಲ ಅಂತ ತೋರಿಸೋ ಹೊಣೆ ನಿಮ್ಮದು: ಪಹಣಿ, ಕಡಿಯೋ ಪರವಾನಗಿ, ಸಾಗಣೆ ಪಾಸ್.

ಎರಡನೇದು, ಆ 6 ದಿಮ್ಮಿಯ ದಾರಿ. ವಶದಲ್ಲಿದ್ದ ಮಾಲನ್ನ ಸರ್ಕಾರಿ ನೌಕರ ನುಂಗಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 316(5), ನಂಬಿಕೆ ದ್ರೋಹ. ಶಿಕ್ಷೆ ಜೀವಾವಧಿವರೆಗೂ ಇದೆ. ಮೊದಲು ಠಾಣೆಗೆ ದೂರು. ತಗೊಳ್ಳದಿದ್ರೆ ಶಿವಮೊಗ್ಗದ ಎಸ್‌ಪಿಗೆ ಲಿಖಿತವಾಗಿ. ಅಲ್ಲೂ ಆಗದಿದ್ರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟ್ ಮುಂದೆ. ಲಂಚ ಕೇಳಿದ್ದಾರಾ? ಹಾಗಾದ್ರೆ ಲೋಕಾಯುಕ್ತ, ಎಸಿಬಿಯನ್ನ ಹೈಕೋರ್ಟ್ 2022ರಲ್ಲೇ ರದ್ದು ಮಾಡಿದೆ.

ಈಗ ಎಲ್ಲರೂ ಎಡವೋ ಜಾಗಕ್ಕೆ ಬರೋಣ. 2024ರ ಜುಲೈ 1ರಿಂದ ಜಾರಿಯಲ್ಲಿರೋ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಡ್ಯೂಟಿ ವೇಳೆಯ ಕೃತ್ಯದ ಬಗ್ಗೆ ದೂರು ಬಂದ್ರೆ ಮ್ಯಾಜಿಸ್ಟ್ರೇಟ್ ಮೊದಲು ಮೇಲಧಿಕಾರಿಯ ವರದಿ ತರಿಸಿಕೊಳ್ಳಬೇಕು, ನೌಕರನ ಮಾತೂ ಕೇಳಬೇಕು. ಅದರ ಮೇಲೆ ಸೆಕ್ಷನ್ 218ರ ಪೂರ್ವಾನುಮತಿ. ಸರ್ಕಾರ 120 ದಿನದಲ್ಲಿ ತೀರ್ಮಾನ ಮಾಡದಿದ್ರೆ ಅನುಮತಿ ಸಿಕ್ಕಿತು ಅಂತಲೇ ಲೆಕ್ಕ.

ಆದ್ರೆ ಈ ರಕ್ಷಣೆ ಎಲ್ಲರಿಗೂ ಇಲ್ಲ. ಸರ್ಕಾರದ ಒಪ್ಪಿಗೆ ಇಲ್ಲದೆ ಕೆಲಸದಿಂದ ತೆಗೆಯಲಾಗದ ಅಧಿಕಾರಿಗೆ ಮಾತ್ರ, ಅದೂ ಡ್ಯೂಟಿಗೆ ಸಂಬಂಧಪಟ್ಟ ಕೃತ್ಯಕ್ಕೆ ಮಾತ್ರ. ಜಪ್ತಿ ಮಾಡೋದು ಡ್ಯೂಟಿ. ಜಪ್ತಿ ಮಾಡಿದ್ದನ್ನ ಮಾರ್ಕೊಳ್ಳೋದು ಡ್ಯೂಟಿ ಅಲ್ಲ. ಕೋರ್ಟಿನಲ್ಲಿ ವಾದ ನಡೆಯೋದು ಬಹುಪಾಲು ಈ ಗೆರೆ ಮೇಲೆ.

ಹಾಗಂತ ಮರ ಹೋದ ಸಿಟ್ಟಿಗೆ ಸುಳ್ಳು ದೂರು ಕೊಟ್ರೆ ಅದೂ ಅಪರಾಧವೇ. ಕಾಡು ಉಳಿಸಿದ ಪ್ರಾಮಾಣಿಕ ಗಾರ್ಡ್ ಕೋರ್ಟ್ ಅಲೀಬೇಕಾಗುತ್ತೆ.

ನಾನು ಕಾಮರ್ಸ್ ಓದಿದವನು, ನನಗೆ ಇದು ಸ್ಟಾಕ್ ರಿಜಿಸ್ಟರ್ ಕಥೆ. ಮಹಜರೇ ಓಪನಿಂಗ್ ಸ್ಟಾಕ್. ಸಂಖ್ಯೆ, ಉದ್ದ, ಸುತ್ತಳತೆ ಓದದೆ ಸಹಿ ಹಾಕಬೇಡಿ. ಪ್ರತಿ ಕೇಳಿ, ಫೋಟೋ ತೆಗೀರಿ. ಆಮೇಲೆ ಡಿಪೋ ರಿಜಿಸ್ಟರ್‌ಗೆ ಆರ್‌ಟಿಐ ಹಾಕಿ. ಎರಡೂ ಕಾಗದ ಎದುರು-ಬದುರು ಇಟ್ರೆ ನಿಮ್ಮ ದೂರಿಗೆ ಬಲ ಬರುತ್ತೆ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.